ಹೋಗುವಾಗಿನ ತೂಕ

"ತೂಕದ ಮೆಷಿನ್ ಎಲ್ಲಿ ಹೋಯ್ತು?"

ಬಚ್ಚಲುಮನೆಯ ಬಾಗಿಲಲ್ಲಿ ಬರಿಗಾಲಲ್ಲಿ ನಿಂತು ಮೇಬಲ್ ಕೂಗಿದಳು. ಈ ಮನೆಯಲ್ಲಿ ಈಗೀಗ ಏನು ಕಾಣೆಯಾದರೂ ಅದು ಸಿಗುವ ಜಾಗ ಒಂದೇ. ಟಾರ್ಚು, ಒಳ್ಳೆಯ ಚಾಕು, ಊಟದ ಕೋಣೆಯ ಪರದೆ, ಕೊನೆಗೆ ದೇವರ ಆಲ್ತಾರಿನ ಮುಂದೆ ಮೊಣಕಾಲೂರಲು ಇಟ್ಟಿದ್ದ ದಿಂಬು ಕೂಡ ಅಲ್ಲಿಗೇ ಹೋಗಿ ಸೇರಿತ್ತು. ಅವಳು ಚಪ್ಪಲಿ ಮೆಟ್ಟಿಕೊಂಡು, ಗೋಡೆ ಹಿಡಿದುಕೊಂಡು ನಿಧಾನವಾಗಿ ಹೊರಗೆ ಬಂದಳು.

ಮನೆಯ ಮುಂದಿನ ಕಾಂಕ್ರೀಟಿನ ಮೇಲೆ ಆ ಹಳೆಯ ಕ್ಯಾರವಾನ್, ಮಂಚ ಒಲೆಗಳಿರುವ ಚಕ್ರದ ಮನೆ, ನಿಂತಿತ್ತು. ಅದನ್ನು ಕಾರಿಗೆ ಸಿಕ್ಕಿಸುವ ಮೂತಿಯ ಕೆಳಗೆ ಅವಳ ಗಂಡ ಇಸಿದೋರ್ ತನ್ನ ಅರವತ್ತೆಂಟು ವರ್ಷದ ಹೊಟ್ಟೆಯನ್ನು ನೆಲಕ್ಕೆ ಕೊಟ್ಟು ಮಲಗಿದ್ದ. ಪಕ್ಕದ ಮನೆಯ ಗುರುದತ್ ಕುಕ್ಕರಗಾಲಲ್ಲಿ ಕೂತು ಮೊಬೈಲಿನ ಬೆಳಕು ಬಿಡುತ್ತಿದ್ದ. ಬಚ್ಚಲಿನ ತೂಕದ ಮೆಷಿನ್ ಮೂತಿಯ ಪುಟ್ಟ ಚಕ್ರದ ಅಡಿಗೆ ಹೋಗಿತ್ತು.

"ಅದರ ಮೇಲೆ ನಾನು ಹತ್ತುವುದು ಮಾರಾಯ್ರೆ, ಗಾಡಿಯಲ್ಲ," ಎಂದಳು ಮೇಬಲ್.

"ಒಂದು ನಿಮಿಷ ಮಾರಾಯ್ತಿ. ಎಂತ ಸಾವು ಇದು, ಮುಳ್ಳು ಒಂದು ಕಡೆ ನಿಲ್ಲುವುದೇ ಇಲ್ಲ."

"ಸ್ವಲ್ಪ ಇರಿ ಆಂಟಿ, ಆಗೋಯ್ತು," ಎಂದ ಗುರುದತ್. "ಮೂತಿ ಮೇಲೆ ಸ್ವಲ್ಪ ಭಾರ ಕೂತಿರ್ಬೇಕು. ಹಿಂದ್ಗಡೆ ವೇಯ್ಟ್ ಜಾಸ್ತಿ ಆಯ್ತು ಅಂದ್ರೆ ಹೈವೇಲಿ ಬಾಲ ಅಲ್ಲಾಡ್ಸೋಕೆ ಶುರು ಮಾಡತ್ತೆ. ಆಮೇಲೆ ಕಾರನ್ನೂ ಎಳ್ಕೊಂಡು ಹಳ್ಳಕ್ಕೆ ಹೋಗ್ಬಿಡತ್ತೆ."

ಗುರುದತ್ ಮೈಸೂರಿನವನು, ಕಂಪ್ಯೂಟರ್ ಕೆಲಸ. ಜನ್ಮದಲ್ಲಿ ಒಂದು ಕೈಗಾಡಿಯನ್ನೂ ಎಳೆದವನಲ್ಲ. ಆದರೂ ಕ್ಯಾರವಾನ್ ಎಳೆಯುವ ವಿಡಿಯೋಗಳನ್ನೆಲ್ಲ ನೋಡಿ ನೋಡಿ ಅಡಿಲೇಡಿನ ಬ್ಲೇರ್ ಅಥಾಲಿನ ಈ ಬೀದಿಗೆ ತಾನೇ ಪಂಡಿತನಾಗಿಬಿಟ್ಟಿದ್ದ. ಇಸಿದೋರ್‌ಗೆ ಅವನಿಲ್ಲದೆ ಒಂದು ಸ್ಕ್ರೂ ತಿರುಗುವುದಿಲ್ಲ. ಒಳ್ಳೆಯ ಹುಡುಗ, ಮಾತು ಸ್ವಲ್ಪ ಹೆಚ್ಚು, ಅಷ್ಟೇ.

ಮೇಬಲ್‌ಗೆ ಆ ಮೆಷಿನ್ ಬೇಕಾದದ್ದು ಚಂದ ನೋಡಿಕೊಳ್ಳುವುದಕ್ಕಲ್ಲ. ಮೂರು ವರ್ಷಗಳ ಹಿಂದೆ ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ಹೊಟ್ಟೆಗೆ ಒಂದು ನಳಿಗೆ ಕೂರಿಸಿದ್ದರು. ದಿನಕ್ಕೆ ನಾಲ್ಕು ಸಲ ಹಳೆಯ ನೀರನ್ನು ಅದರ ಮೂಲಕ ಹೊರಗೆ ಬಿಟ್ಟು, ಮೇಲೆ ತೂಗುಹಾಕಿದ ಬ್ಯಾಗಿನಿಂದ ಹೊಸ ನೀರನ್ನು ಹೊಟ್ಟೆಗೆ ಇಳಿಸಬೇಕು. ಆಸ್ಪತ್ರೆಯವರು ಅದಕ್ಕೆ ಡಯಾಲಿಸಿಸ್ ಅನ್ನುತ್ತಾರೆ. ಮನೆಯಲ್ಲಿ ಅದು 'ನೀರು ಬದಲಿಸುವುದು'. ಬೆಳಿಗ್ಗೆ ತೂಕ ಏರಿದ್ದರೆ ಮೈಯಲ್ಲಿ ನೀರು ನಿಂತಿದೆ ಎಂದು ಲೆಕ್ಕ. ಬ್ಯಾಗುಗಳ ರಟ್ಟಿನ ಪೆಟ್ಟಿಗೆಗಳು ತಿಂಗಳಿಗೊಮ್ಮೆ ಲಾರಿಯಲ್ಲಿ ಬಂದು ಗ್ಯಾರೇಜಿನಲ್ಲಿ ಚಾವಣಿ ಮುಟ್ಟುವಷ್ಟು ನಿಲ್ಲುತ್ತಿದ್ದವು. ಕಾರಿಗೆ ಗ್ಯಾರೇಜಿನ ಒಳಗೆ ಜಾಗ ಸಿಗದೆ ಮೂರು ವರ್ಷವಾಗಿತ್ತು.

ಈಗ ಹೊರಟಿದ್ದು ಪರ್ತ್‌ಗೆ. ಅಲ್ಲಿ ಮಗಳು ಕ್ಯಾರೋಲ್‌ಳ ಮದುವೆ. ಮದುವೆಯ ಹಿಂದಿನ ದಿನ 'ರೋಸ್'. ಮದುಮಗಳನ್ನು ಕೂರಿಸಿ ತಲೆಗೆ ತೆಂಗಿನ ಹಾಲು ಹಚ್ಚಿ ಮೀಯಿಸುವ ಶಾಸ್ತ್ರ. ಮೊದಲು ಹಚ್ಚಬೇಕಾದವರು ಅಪ್ಪ ಅಮ್ಮ. ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿರುವ ಮಗ ಜೋಯ್ಸನ್, "ಮೂರು ಗಂಟೆಯ ವಿಮಾನ ಬಿಟ್ಟು ಯಾರು ಡ್ಯಾಡ್ ಮರುಭೂಮಿ ಸುತ್ತುವುದು?" ಎಂದು ಫೋನಿನಲ್ಲಿ ಇಂಗ್ಲಿಷಿನಲ್ಲಿ ಬೈದಿದ್ದ. ಅಪ್ಪ ಕೇಳುವವನಲ್ಲ. ಅಪ್ಪನ ತಲೆಯಲ್ಲಿದ್ದದ್ದು ಪರ್ತ್ ಅಲ್ಲವೇ ಅಲ್ಲ, ಕೆನಡಾ.

ಕೆನಡಾ ಅವನ ಹಳೆಯ ಹುಚ್ಚು. ಕುವೈತಿನಲ್ಲಿ ಒಂದೇ ಕೋಣೆಯಲ್ಲಿ ಸಾಲಾಗಿ ಮಲಗುತ್ತಿದ್ದ ಮಂಗಳೂರಿನ ಗೆಳೆಯರೆಲ್ಲ ಒಬ್ಬೊಬ್ಬರಾಗಿ ಕೆನಡಾಕ್ಕೆ ಹಾರಿದ್ದರು. ಇವನಿಗೆ ಆಸ್ಟ್ರೇಲಿಯಾದ ವೀಸಾ ಮೊದಲು ಬಂತು. ನಿವೃತ್ತಿಯಾದ ಮೇಲೆ ಅಮೆರಿಕದ ಸಿಯಾಟಲ್‌ವರೆಗೆ ವಿಮಾನ, ಅಲ್ಲಿ ಒಂದು ಕ್ಯಾಂಪರ್ ಬಾಡಿಗೆಗೆ ಹಿಡಿದು ಕಾರಿನ ಹಿಂದೆ ಸಿಕ್ಕಿಸಿ, ಗಡಿ ದಾಟಿ, ಹಿಮದ ಬೆಟ್ಟಗಳ ನಡುವೆ ಎಳೆದುಕೊಂಡು ಹೋಗಿ ಒಬ್ಬೊಬ್ಬರ ಮನೆಬಾಗಿಲಲ್ಲೂ ನಿಲ್ಲಿಸಿ ಹಾರ್ನ್ ಹೊಡೆಯಬೇಕು. ಪಕ್ಕದ ಸೀಟಿನಲ್ಲಿ ಮೇಬಲ್ ಇರಬೇಕು. ಎಳೆಯುವುದನ್ನು ಕಲಿಯಲಿಕ್ಕೆಂದೇ ಈ ಹಳೆಯ ಕ್ಯಾರವಾನ್ ಕೊಂಡಿದ್ದ. ಕೊಂಡ ವರ್ಷವೇ ಅವಳು ಆಸ್ಪತ್ರೆ ಸೇರಿದಳು. ಕ್ಯಾರವಾನ್ ಅಂಗಳದಲ್ಲಿ ಬಿಸಿಲು ಕಾಯಿಸಿಕೊಂಡು ಕೂತಿತು.

"ಪರ್ತ್ ಟ್ರಯಲ್. ಬರುವ ವರ್ಷ ಕೆನಡಾ," ಎಂದು ಅವನು ಹೇಳಿದಾಗ ಮೇಬಲ್ ಒಪ್ಪಿದ್ದೇ ದೊಡ್ಡ ಆಶ್ಚರ್ಯ. ಆ ತಗಡಿನ ಡಬ್ಬಿಯೊಳಗೆ ನಾನು ಕಾಲಿಡುವುದಿಲ್ಲ ಎಂದು ಮೂರು ವರ್ಷ ಹಟ ಹಿಡಿದವಳು ಒಂದೇ ಮಾತಿಗೆ, "ಆಯ್ತು, ಹೋಗುವಾ," ಅಂದುಬಿಟ್ಟಳು. ಇಸಿದೋರ್‌ಗೆ ಖುಷಿಯಲ್ಲಿ ಎರಡು ದಿನ ನಿದ್ದೆ ಬರಲಿಲ್ಲ.

ಖುಷಿಗೆ ಇನ್ನೊಂದು ಕಾರಣವೂ ಇತ್ತು. ಎರಡು ಸಲ ಸೋಂಕು ತಗುಲಿ ಅವಳ ಹೊಟ್ಟೆಯೊಳಗಿನ ಪೊರೆ ದಣಿದಿತ್ತು. ಇನ್ನು ಈ ಬ್ಯಾಗುಗಳಿಂದ ಹೆಚ್ಚು ದಿನ ನಡೆಯಲಿಕ್ಕಿಲ್ಲ, ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಬಂದು ದೊಡ್ಡ ಮೆಷಿನ್ನಿಗೆ ರಕ್ತ ಕೊಟ್ಟು ಕೂರಬೇಕು ಎಂದು ಡಾಕ್ಟರು ಹೇಳಿದ್ದರು. ಮೊದಲು ಆಗುವುದೇ ಇಲ್ಲ ಅಂದಿದ್ದ ಮೇಬಲ್ ಆಮೇಲೆ ಮೆತ್ತಗಾಗಿ, "ಪರ್ತ್‌ನಿಂದ ಬಂದ ಮೇಲೆ ನೋಡುವಾ," ಅಂದಿದ್ದಳು. ಒಪ್ಪಿದಳು ಅಂತಲೇ ಅವನು ಎಣಿಸಿದ. ಒಂದು ಸುತ್ತು ಹೊರಗೆ ಹೋಗಿ ಗಾಳಿ ಕುಡಿದು ಬಂದರೆ ಹೆಂಡತಿಗೆ ಬದುಕುವ ಆಸೆ ಮತ್ತೆ ಚಿಗುರುತ್ತದೆ ಎಂದು ಅವನ ಲೆಕ್ಕ.

ಗುರುದತ್ ಚಕ್ರಕ್ಕೆ ಗಾಳಿ ತುಂಬಿಸುವ ಪಂಪು ತರಲು ಅಂಗಡಿಗೆ ಹೋದ. ಇಸಿದೋರ್ ಮೆಷಿನ್ ಒರೆಸಿ ತಂದು ಹೆಂಡತಿಯ ಕಾಲ ಬುಡದಲ್ಲಿಟ್ಟ. ಅವಳು ಅವನ ಹೆಗಲು ಹಿಡಿದು ಹತ್ತಿ, ಮುಳ್ಳು ನೋಡಿ ಇಳಿದಳು.

"ಎಷ್ಟು?"

"ನಿಮ್ಮ ಗಾಡಿಯ ಮೂತಿಯಷ್ಟಿಲ್ಲ," ಎಂದಳು.

ಆಮೇಲೆ ಪೆಟ್ಟಿಗೆ ತುಂಬುವ ಕೆಲಸ. ಇದರಲ್ಲಿ ಮಾತ್ರ ಇಸಿದೋರ್‌ಗೆ ಗುರುದತ್ತನ ವಿಡಿಯೋ ಬೇಡ. ಕುವೈತಿನಿಂದ ಊರಿಗೆ ಬರುವ ಪ್ರತಿ ರಜೆಯಲ್ಲೂ ಅವನು ಪೆಟ್ಟಿಗೆ ಕಟ್ಟಿದ್ದ. ತನ್ನದು ಮಾತ್ರವಲ್ಲ, ಕ್ಯಾಂಪಿನಲ್ಲಿದ್ದ ಅರ್ಧ ಜನರದ್ದು. ನೈಲಾನ್ ಹಗ್ಗವನ್ನು ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು ತಂದು, ಮೊಣಕಾಲು ಒತ್ತಿ ಬಿಗಿದು ಗಂಟು ಹಾಕಬೇಕು. ಆಮೇಲೆ ದಪ್ಪ ಕಪ್ಪು ಮಾರ್ಕರಿನಲ್ಲಿ ದೊಡ್ಡ ಇಂಗ್ಲಿಷ್ ಅಕ್ಷರದಲ್ಲಿ ಮೇಲೆ ಹೆಸರು, ಕೆಳಗೆ ಊರು. ಈಗಲೂ ಅವನ ಕೈಗೆ ಬೇರೆ ರೀತಿ ಬರುವುದಿಲ್ಲ. ಆಸ್ಪತ್ರೆಯ ಬ್ಯಾಗುಗಳ ಪೆಟ್ಟಿಗೆ, ಅಂಟುಪಟ್ಟಿ ಹಚ್ಚಿ ಭದ್ರವಾಗಿಯೇ ಬಂದಿರುತ್ತದೆ. ಆದರೂ ಒಂದೊಂದಕ್ಕೂ ಹಗ್ಗ ಬಿಗಿದು 'ಮೇಬಲ್, ಪರ್ತ್' ಎಂದು ಬರೆದು ಕ್ಯಾರವಾನಿನ ಮಂಚದ ಅಡಿಗೆ ನೂಕುತ್ತಿದ್ದ.

"ಇದೆಂತ ಬಾಂಬೆ ಏರ್‌ಪೋರ್ಟಿನ ಬೆಲ್ಟ್ ಮೇಲೆ ಬರ್ತದಾ?" ಮೇಬಲ್ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತು ಕೇಳಿದಳು.

"ಹೆಸರಿದ್ರೆ ಒಳ್ಳೆಯದು. ಯಾರೂ ಕದಿಯುವುದಿಲ್ಲ."

"ಹೌದು, ದಾರಿಯ ಸೆಡೂನಾದ ಕಳ್ಳರೆಲ್ಲ ನನ್ನ ಹೊಟ್ಟೆಯ ನೀರಿಗೇ ಕಾಯ್ತಾ ಇದ್ದಾರೆ."

ಅವನು ಗಹಗಹಿಸಿ ನಕ್ಕ. ಅವಳು ಹೀಗೆ ಮಾತಾಡದೆ ತಿಂಗಳುಗಳೇ ಆಗಿದ್ದವು.

ಪರ್ತ್‌ಗೆ ಬೇಕಾಗುವ ಬ್ಯಾಗುಗಳನ್ನು ಲಾರಿಯವರು ನೇರ ಕ್ಯಾರೋಲ್‌ಳ ಮನೆಗೇ ಇಳಿಸುತ್ತಾರೆ. ಇಸಿದೋರ್ ತಿಂಗಳ ಹಿಂದೆಯೇ ಫೋನು ಮಾಡಿ ಅದರ ಏರ್ಪಾಡು ಮಾಡಿದ್ದ. ದಾರಿಗಾಗುವಷ್ಟನ್ನು ಮಾತ್ರ ಹೊತ್ತುಕೊಂಡರೆ ಸಾಕಿತ್ತು. ಆದರೆ ಮೇಬಲ್ ಒಪ್ಪಿರಲಿಲ್ಲ. "ಲಾರಿ ತಡವಾದ್ರೆ? ಮದುವೆ ಮುಗಿಯುವಷ್ಟಕ್ಕೆ ನಮ್ಮ ಕೈಯಲ್ಲೇ ಇರ್ಲಿ," ಎಂದಿದ್ದಳು. ಎಷ್ಟು ಮುಂದಾಲೋಚನೆ ನೋಡು ಎಂದು ಅವನು ಗುರುದತ್ತನ ಹತ್ತಿರ ಹೆಂಡತಿಯನ್ನು ಹೊಗಳಿಕೊಂಡಿದ್ದ.

ಪೆಟ್ಟಿಗೆಗಳೆಲ್ಲ ಒಳಗಾದ ಮೇಲೆ ಅವನು ಟೊಪ್ಪಿಯನ್ನು ನೆಟ್ಟಗೆ ಮಾಡಿಕೊಂಡು ಅವಳ ಕುರ್ಚಿಯ ಮುಂದೆ ಸೊಂಟಕ್ಕೆ ಕೈಕೊಟ್ಟು ನಿಂತ.

"ಈಗ ಗಡಿ ಬಂತು. ನಾನು ಆಫೀಸರ್."

"ಯಾವ ಗಡಿ? ಪರ್ತ್‌ನದ್ದಾ, ಕೆನಡಾದ್ದಾ?"

"ಎರಡೂ. ಇಲ್ಲಿ ಪಾಸಾದ್ರೆ ಅಲ್ಲಿಯೂ ಪಾಸ್. ಹೇಳಿ ಮೇಡಂ, ಗಾಡಿಯಲ್ಲಿ ಹಣ್ಣು, ತರಕಾರಿ, ಜೇನುತುಪ್ಪ ಉಂಟಾ?"

ಸೌತ್ ಆಸ್ಟ್ರೇಲಿಯಾ ದಾಟಿ ಆಚೆ ಕಾಲಿಡುವಲ್ಲಿ ಹಣ್ಣು ತರಕಾರಿ ಜೇನು ಯಾವುದನ್ನೂ ಬಿಡುವುದಿಲ್ಲ, ಫ್ರಿಜ್ ತೆಗೆಸಿ ನೋಡುತ್ತಾರೆ.

"ಇಲ್ಲ ಸಾರ್. ಒಂದು ಡಬ್ಬಿ ಒಣಸೀಗಡಿ ಚಟ್ನಿ ಉಂಟು. ತೆಗೆದರೆ ನೀವೇ ಓಡ್ತೀರಿ."

"ಎಂತಕ್ಕೆ ಬಂದದ್ದು?"

"ಮಗಳ ಮದುವೆಗೆ."

"ಎಷ್ಟು ದಿನ ಇರುವುದು? ವಾಪಸ್ ಯಾವಾಗ?"

ಮೇಬಲ್ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ಬಿಚ್ಚಿದಳು. ಬೀದಿಯಲ್ಲಿ ಯಾರದೋ ಕಾರು ಹೋಯಿತು. ಅದು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು.

"ಆಫೀಸರ್‌ಗಳಿಗೆ ಅದೆಲ್ಲ ಯಾಕೆ?" ಎಂದಳು. "ನನಗೆ ನಿದ್ದೆ ಬರ್ತಾ ಉಂಟು. ಸ್ವಲ್ಪ ಮಲಗ್ತೇನೆ."

"ಫೇಲ್!" ಎಂದು ಇಸಿದೋರ್ ಹಿಂದಿನಿಂದ ಕೂಗಿದ. "ಹೀಗೆ ಉತ್ತರ ಕೊಟ್ರೆ ಕೆನಡಾದವರು ಒಳಗೆ ಬಿಡ್ಲಿಕ್ಕಿಲ್ಲ!"

ಅವಳು ಮಲಗಿದ್ದಾಗಲೇ ಫೋನ್ ಬಂತು. ಅವಳ ಆಸ್ಪತ್ರೆ, ಔಷಧಿಯ ಫೋನುಗಳಿಗೆಲ್ಲ ಉತ್ತರ ಕೊಡುವುದು ಇಸಿದೋರನೇ, ಅವನ ಹೆಸರೂ ಅವರಲ್ಲಿ ದಾಖಲಾಗಿತ್ತು. ಬ್ಯಾಗು ಕಳಿಸುವವರ ಕಡೆಯ ಹೆಂಗಸು ಬಹಳ ನಯವಾಗಿ ಮಾತಾಡಿದಳು. ಮೇಬಲ್ ಹೇಳಿದ ಪ್ರಕಾರ ಪರ್ತ್‌ನ ಪೆಟ್ಟಿಗೆಗಳನ್ನು ರದ್ದು ಮಾಡಿದ್ದೇವೆ. ಮದುವೆಯ ತಾರೀಕಿನ ನಂತರ ಅಡಿಲೇಡಿನ ಮನೆಗೂ ಕಳಿಸುವುದು ಬೇಡವೆಂದು ಅವರು ಹೇಳಿದ್ದಾರೆ, ಅದೊಂದನ್ನು ಖಚಿತಪಡಿಸಿಕೊಳ್ಳೋಣವೆಂದು ಫೋನು ಮಾಡಿದೆ. ಕೊನೆಯಲ್ಲಿ ಆ ಹೆಂಗಸು, ನಿಮ್ಮಿಬ್ಬರನ್ನೂ ನೆನೆಸಿಕೊಳ್ಳುತ್ತಿದ್ದೇನೆ ಎಂದಳು.

ಥ್ಯಾಂಕ್ಯೂ ಎಂದನೋ ಇಲ್ಲವೋ ಇಸಿದೋರ್‌ಗೇ ನೆನಪಿಲ್ಲ. ಫೋನನ್ನು ಅಡುಗೆಕಟ್ಟೆಯ ಮೇಲೆ ಬೋರಲು ಹಾಕಿ ನಿಂತ. ಬ್ಯಾಗು ಬೇಡ ಅಂದರೆ ಏನು? ಬ್ಯಾಗು ಇಲ್ಲದಿದ್ದರೆ ಅವಳು ಉಳಿಯುವುದು ವಾರ, ಹೆಚ್ಚೆಂದರೆ ಎರಡು. ಅದು ಮೂರು ವರ್ಷದಿಂದ ಗೊತ್ತಿದ್ದ ಮಾತು. ಮದುವೆ ಮುಗಿಯುವಷ್ಟಕ್ಕೆ ನಮ್ಮ ಕೈಯಲ್ಲೇ ಇರಲಿ ಎಂದು ಅವಳು ಹೇಳಿದ್ದು ಆಗ ಅವನಿಗೆ ಅರ್ಥವಾಯಿತು. ಮುಂದಾಲೋಚನೆ ಅಂತ ಹೊಗಳಿದ್ದನಲ್ಲ, ತನ್ನ ಕೆನ್ನೆಗೆ ತಾನೇ ಹೊಡೆದುಕೊಳ್ಳಬೇಕು ಅನ್ನಿಸಿತು.

ಅವನಿಗೆ ಸಿಟ್ಟು ಬಂತು. ಅಳುವುದಕ್ಕಿಂತ ಅದು ಸುಲಭ. ಸೀದಾ ಗ್ಯಾರೇಜಿಗೆ ಹೋಗಿ ಅಲ್ಲಿ ಉಳಿದಿದ್ದ ಪೆಟ್ಟಿಗೆಗಳನ್ನು ಒಂದೊಂದಾಗಿ ಹೊತ್ತು ತರತೊಡಗಿದ. ಹಗ್ಗ ಕಟ್ಟಲಿಲ್ಲ, ಹೆಸರು ಬರೆಯಲಿಲ್ಲ. ಕ್ಯಾರವಾನಿನ ಹಿಂಭಾಗದಲ್ಲಿ, ಮೇಜಿನ ಮೇಲೆ, ಒಲೆಯ ಮೇಲೆ, ಸಿಂಕಿನೊಳಗೆ ಪೇರಿಸಿದ. ತನ್ನ ಬಟ್ಟೆಯ ಸೂಟ್‌ಕೇಸನ್ನು ಎತ್ತಿ ಹೊರಗೆ ಎಸೆದ. ಉಸಿರು ಕಟ್ಟಿ ಬಂದರೂ ನಿಲ್ಲಲಿಲ್ಲ. ಮದುವೆ ಆದ ಮೇಲೂ ಬೇಕು, ಬರುವ ದಾರಿಗೂ ಬೇಕು, ಬಂದ ಮೇಲೂ ಬೇಕು.

"ಅಂಕಲ್! ಅಂಕಲ್! ಏನ್ ಮಾಡ್ತಿದೀರ?" ಪಂಪು ಹಿಡಿದು ಬಂದ ಗುರುದತ್ ಗಾಬರಿಯಾದ. "ಹಿಂದೆ ಪೂರ್ತಿ ಕೂತ್ಬಿಡ್ತು ನೋಡಿ. ಟೈರ್ ಅಪ್ಪಚ್ಚಿ ಆಗೋಗಿದೆ. ಮೂತಿ ಮೇಲಕ್ಕೆದ್ದಿದೆ."

"ಏಳಲಿ."

"ಹಿಂಗ್ ಹೋದ್ರೆ ನೀವು ಊರೂ ದಾಟಲ್ಲ ಅಂಕಲ್. ಪರ್ತ್‌ಗೆ ಡೆಲಿವರಿ ಇದೆ ಅಂದಿದ್ರಲ್ಲ?"

"ಇಲ್ಲ," ಎಂದ ಇಸಿದೋರ್. "ಎಂತ ಸಾ..." ಎಂದು ಬಾಯಿಗೆ ಬಂದದ್ದನ್ನು ಅರ್ಧಕ್ಕೆ ನುಂಗಿಕೊಂಡ. ನಲವತ್ತು ವರ್ಷದಿಂದ ಹಾಳಾದ ನಟ್ಟಿಗೆ, ತಡವಾದ ಬಸ್ಸಿಗೆ, ಉಪ್ಪು ಹೆಚ್ಚಾದ ಸಾರಿಗೆಲ್ಲ ಆ ಮಾತನ್ನು ಬಳಸಿದ್ದ.

ಗುರುದತ್ ಅವನ ಮುಖ ನೋಡಿದ. ಆಮೇಲೆ ಬರ್ತೀನಿ ಎಂದು ಪಂಪನ್ನು ಅಲ್ಲೇ ಇಟ್ಟು ಹೋದ.

ಬಾಗಿಲಲ್ಲಿ ಮೇಬಲ್ ನಿಂತಿದ್ದಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ. ಕೈಯಲ್ಲಿ ಬೆಚ್ಚಗೆ ಮಾಡಿದ ಬ್ಯಾಗು ಇತ್ತು.

"ನೀರು ಬದಲಿಸುವ ಹೊತ್ತಾಯ್ತು," ಎಂದಳು. "ಇವತ್ತು ಕ್ಯಾರವಾನಿನಲ್ಲೇ ಮಾಡುವಾ. ನೀವು ಕೊಕ್ಕೆ ಹೊಡೆದದ್ದು ಸರಿ ಉಂಟಾ ನೋಡುವಾ."

ಪೆಟ್ಟಿಗೆಗಳ ನಡುವೆ ದಾರಿ ಮಾಡಿಕೊಂಡು ಅವಳು ಮಂಚದ ಮೇಲೆ ಕೂತಳು. ಕಿಟಕಿ ಮುಚ್ಚಬೇಕು, ಗಾಳಿ ಆಡಬಾರದು, ಮನೆಯೊಳಗೆ ಹೋಗಿ ಕೈ ಮೊಣಕೈವರೆಗೆ ತೊಳೆದು ಬರಬೇಕು, ಇಬ್ಬರೂ ಮಾಸ್ಕ್ ಹಾಕಬೇಕು. ಅವಳ ಬೆರಳುಗಳಿಗೆ ಹಿಡಿತ ಸಾಲದ್ದರಿಂದ ನಳಿಗೆ ಸೇರಿಸುವುದು ಇಸಿದೋರನ ಕೆಲಸ. 'ಜೆಸು' ಎಂದು ಗೊಣಗಿಕೊಂಡು ಸೇರಿಸಿದ. ಚಾವಣಿಗೆ ಹೊಡೆದ ಕೊಕ್ಕೆಯಲ್ಲಿ ಬ್ಯಾಗು ತೂಗಿತು. ಕೆಳಗೆ ಇಟ್ಟ ಖಾಲಿ ಬ್ಯಾಗಿಗೆ ಹಳೆಯ ನೀರು ಇಳಿಯತೊಡಗಿತು. ಇನ್ನು ಅರ್ಧ ಗಂಟೆ ಇಬ್ಬರೂ ಅಲ್ಲಿಂದ ಅಲ್ಲಾಡುವ ಹಾಗಿಲ್ಲ. ಅವಳು ಬೇಕೆಂದೇ ಈ ಹೊತ್ತನ್ನು ಆರಿಸಿದ್ದಳು.

"ಫೋನ್ ಬಂದಿತ್ತಾ?" ಎಂದಳು, ಕನ್ನಡದಲ್ಲಿ.

ಅವರ ಮನೆಮಾತು ಕೊಂಕಣಿ. ಮಕ್ಕಳ ಜೊತೆ ಕೊಂಕಣಿ, ಇಂಗ್ಲಿಷ್. ಮೇಬಲ್ ಮದುವೆಗೆ ಮೊದಲು ಪುತ್ತೂರಿನ ಶಾಲೆಯಲ್ಲಿ ಕನ್ನಡ ಕಲಿಸುತ್ತಿದ್ದವಳು. ಮಕ್ಕಳಿಗೆ ತಿಳಿಯಬಾರದ ಮಾತು ಬಂದಾಗಲೆಲ್ಲ ಗಂಡಹೆಂಡತಿ ಕನ್ನಡಕ್ಕೆ ಜಾರುತ್ತಿದ್ದರು. ಕೆಲಸ ಹೋದದ್ದು, ಊರಿನ ಸಾವುನೋವು, ಜಗಳ, ಸರಸ ಎಲ್ಲ ಕನ್ನಡದಲ್ಲಿ. ಮಕ್ಕಳು ಮನೆ ಬಿಟ್ಟು ಹೋದ ಮೇಲೂ ಆ ಅಭ್ಯಾಸ ಹಾಗೇ ಉಳಿದುಬಿಟ್ಟಿತ್ತು.

"ಬಂದಿತ್ತು."

"ಹಾಗಾದ್ರೆ ಗೊತ್ತಾಯ್ತು."

"ನನಗೆ ಎಂತದೂ ಗೊತ್ತಾಗಲಿಲ್ಲ. ನೀನೇ ಹೇಳು."

"ನನಗೆ ಸಾಕಾಯ್ತು."

"ಸಾಕಾಯ್ತು ಅಂದ್ರೆ? ಇದೆಂತ ಅನ್ನ ಬಡಿಸಿದ್ದಾ, ಸಾಕು ಅನ್ಲಿಕ್ಕೆ?"

ಮಾಸ್ಕಿನ ಮೇಲೆ ಅವಳ ಕಣ್ಣು ಮಾತ್ರ ಕಾಣುತ್ತಿತ್ತು. "ಆ ಆಸ್ಪತ್ರೆಯ ಕುರ್ಚಿ ನನ್ನಿಂದ ಆಗುವುದಿಲ್ಲ. ಕೂತವರನ್ನು ನಾನು ನೋಡಿದ್ದೇನೆ. ಒಂದು ದಿನ ಕೂತರೆ ಮರುದಿನ ಏಳ್ಲಿಕ್ಕಿಲ್ಲ, ಎದ್ದದ್ದೇ ಮತ್ತೆ ಕುರ್ಚಿ. ನನ್ನ ಹಾರ್ಟಿಗೆ ಅದೂ ಹೆಚ್ಚು ಸಮಯ ನಡೆಯುವುದಿಲ್ಲ ಅಂತ ಡಾಕ್ಟ್ರು ಹೇಳಿದ್ರು. ನೀವು ಪಾರ್ಕಿಂಗಿನಿಂದ ಕಾರು ತರ್ಲಿಕ್ಕೆ ಹೋದಾಗ ಕೇಳಿದೆ. ಬಿಟ್ರೆ ಹೇಗಿರ್ತದೆ ಅಂತಲೂ ಕೇಳಿದೆ. ನೋವಾಗದ ಹಾಗೆ ನೋಡಿಕೊಳ್ತಾರಂತೆ. ನಿದ್ದೆ ಹೆಚ್ಚಾಗ್ತಾ ಹೋಗ್ತದಂತೆ. ಪರ್ತ್‌ನಲ್ಲಿಯೂ ಅಂಥ ನರ್ಸ್‌ಗಳಿದ್ದಾರಂತೆ."

"ಪಾಪ ಅದು ಮೇಬಲ್! ದೇವರು ಕೊಟ್ಟ ಜೀವ!"

"ಪಾದ್ರಿಗಳತ್ರವೂ ಕೇಳಿದೆ. ಜೀವ ತೆಗೆದುಕೊಳ್ಳುವುದು ಬೇರೆ, ಹೊರಲಿಕ್ಕಾಗದ ಔಷಧಿಯನ್ನು ಕೆಳಗಿಡುವುದು ಬೇರೆ ಅಂದ್ರು."

"ಊರಿನವರತ್ರ ಎಲ್ಲ ಕೇಳಿದೆ. ನನ್ನತ್ರ ಕೇಳಿದೆಯಾ?"

"ಇಲ್ಲ."

"ಯಾಕೆ?"

"ನೀವು ಬೇಡ ಅಂತೀರಿ."

"ಮತ್ತೆ!"

"ನೀವು ಬೇಡ ಅಂದ್ರೆ ನಾನು ಹೋಗಿ ಆ ಕುರ್ಚಿಯಲ್ಲಿ ಕೂತುಬಿಡ್ತೇನೆ. ನನಗೆ ಗೊತ್ತುಂಟಲ್ಲ. ಅದಕ್ಕೇ ಕೇಳಲಿಲ್ಲ."

ಇಸಿದೋರ್ ಕೆಳಗೆ ತುಂಬುತ್ತಿದ್ದ ಬ್ಯಾಗನ್ನು ನೋಡಿದ. "ಕ್ಯಾರೋಲ್‌ಗೆ?" ಎಂದ.

"ಇಲ್ಲ. ಮದುವೆ ಮುಗೀಲಿ. ಆ ಹುಡುಗಿಯ ತಲೆಗೆ ನಾನು ತೆಂಗಿನ ಹಾಲು ಹಚ್ಚಬೇಕು, ಅಷ್ಟೇ ನನಗೆ. ನೀವೂ ನಗ್ತಾ ಇರ್ಬೇಕು ಅಲ್ಲಿ."

"ಮತ್ತೆ ಕೆನಡಾ?"

ಕೇಳಬಾರದಿತ್ತು. ಬಾಯಿಂದ ಬಂದುಹೋಯಿತು, ಹಟ ಹಿಡಿದ ಮಗುವಿನ ಹಾಗೆ. ಮೇಬಲ್ ಅವನ ಮಂಡಿಯ ಮೇಲೆ ಕೈಯಿಟ್ಟಳು.

"ಇದೇ ನಿಮ್ಮ ಕೆನಡಾ. ನಾನು ಮುಂದೆಯೇ ಕೂತ್ಕೊಳ್ತೇನೆ. ನಿದ್ದೆ ಮಾಡುವುದಿಲ್ಲ. ನೀವು ತೋರಿಸಿದ್ದೆಲ್ಲ ನೋಡ್ತೇನೆ." ಆಮೇಲೆ ಇನ್ನೂ ಮೆಲ್ಲನೆ ಹೇಳಿದಳು, "ಬರುವಾಗ ಗಾಡಿ ಹಗುರ ಇರ್ತದೆ. ಮೆಲ್ಲ ಬನ್ನಿ. ಜೋಯ್ಸನ್‌ನನ್ನು ಜೊತೆಗೆ ಕೂರಿಸಿಕೊಳ್ಳಿ."

ಆ ದಾರಿ ಅವನ ಕಣ್ಣಿಗೆ ಕಟ್ಟಿತು. ಮರವಿಲ್ಲದ ನೆಟ್ಟಗಿನ ರಸ್ತೆ, ಹಿಂದೆ ಖಾಲಿ ಕ್ಯಾರವಾನಿನ ಗಡಗಡ, ಪಕ್ಕದ ಸೀಟಿನಲ್ಲಿ ಯಾರೋ. ಅವನಿಗೆ ಹೆದರಿಕೆಯಾಯಿತು. ಬದುಕಿನಲ್ಲಿ ಯಾವತ್ತೂ ಆಗದಂಥ ಹೆದರಿಕೆ.

"ಹಾಗಾದ್ರೆ ಈಗ ಹೇಳ್ತೇನೆ," ಎಂದ. "ಬೇಡ. ನೀನು ಹೋಗುವುದು ಬೇಡ."

ಮೇಬಲ್ ಅವನನ್ನೇ ನೋಡಿದಳು.

"ಆಯ್ತು," ಎಂದಳು.

ಅಷ್ಟೇ. ಕೆಳಗಿನ ಬ್ಯಾಗು ತುಂಬಿತ್ತು. ಅವನು ಬಿರಡೆ ತಿರುಗಿಸಿದ, ಹೊಸ ನೀರು ಇಳಿಯತೊಡಗಿತು. ಅವಳು ಪಕ್ಕದ ಪೆಟ್ಟಿಗೆಗೆ ತಲೆಯಾನಿಸಿ ಕಣ್ಣು ಮುಚ್ಚಿದಳು. "ಪೆಟ್ಟಿಗೆ ಇರ್ಲಿ ಹಾಗಾದ್ರೆ," ಎಂದಳು.

ಆ 'ಆಯ್ತು' ಇಸಿದೋರ್‌ಗೆ ಗೊತ್ತಿತ್ತು. ಕುವೈತಿನ ವರ್ಷಗಳಲ್ಲಿ ಪ್ರತಿ ರಜೆಯ ಕೊನೆಯ ದಿನ ಊರಿನ ಮನೆಯ ಗೇಟಿನ ಬಳಿ ಅದನ್ನೇ ಕೇಳಿಕೊಂಡು ಹೊರಟಿದ್ದ. ಅವಳ ಸೊಂಟದಲ್ಲಿ ಮೊದಲು ಜೋಯ್ಸನ್, ಆಮೇಲೆ ಕ್ಯಾರೋಲ್, ಆಮೇಲೆ ಯಾರೂ ಇಲ್ಲ. ಟ್ಯಾಕ್ಸಿಯ ಮೇಲೆ ಹಗ್ಗ ಬಿಗಿದ ಪೆಟ್ಟಿಗೆ. ಇನ್ನೊಂದು ವರ್ಷ, ಮತ್ತೆ ಪೂರ್ತಿ ಬಂದುಬಿಡ್ತೇನೆ ಎಂದು ಅವನು ಅನ್ನುವುದು. ಆಯ್ತು ಎಂದು ಅವಳು ಅನ್ನುವುದು. ಹೋಗಬೇಡಿ ಎಂದು ಅವಳು ಒಂದೇ ಒಂದು ಸಲ ಅಂದಿದ್ದರೂ ಅವನ ಕಾಲು ಏಳುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಅದಕ್ಕೇ ಅನ್ನಲಿಲ್ಲ.

ನೀರು ಪೂರ್ತಿ ಇಳಿಯಿತು. ಅವನು ನಳಿಗೆ ಬಿಡಿಸಿ ಮುಚ್ಚಳ ಹಾಕಿ, ಅವಳ ರವಿಕೆಯ ಅಂಚು ಸರಿಮಾಡಿದ. ಕೈಹಿಡಿದು ಇಳಿಸಿ ಮನೆಯೊಳಗೆ ಬಿಟ್ಟುಬಂದ. ಬಂದವನು ಕ್ಯಾರವಾನಿನ ಮೆಟ್ಟಿಲ ಮೇಲೆ ಬಹಳ ಹೊತ್ತು ಕೂತಿದ್ದ. ಆಮೇಲೆ ಎದ್ದು ಸಿಂಕಿನಲ್ಲಿದ್ದ ಪೆಟ್ಟಿಗೆಯನ್ನು ಎತ್ತಿದ.

ಅವನು ಎರಡನೆಯದನ್ನು ಗ್ಯಾರೇಜಿನಲ್ಲಿಟ್ಟು ಬರುವಷ್ಟರಲ್ಲಿ ಗುರುದತ್ ಬಂದಿದ್ದ. ತಾನೂ ಒಂದನ್ನು ಹೊತ್ತ. ಇಬ್ಬರೂ ಸೇರಿ ಹಿಂಭಾಗ ಖಾಲಿ ಮಾಡಿದರು, ಮೇಜು, ಒಲೆ ಖಾಲಿ ಮಾಡಿದರು. ಅಂಗಳದಲ್ಲಿ ಬಿದ್ದಿದ್ದ ಸೂಟ್‌ಕೇಸನ್ನು ಗುರುದತ್ ಒರೆಸಿ ಒಳಗಿಟ್ಟ. ಮಂಚದ ಅಡಿಯ, ಹಗ್ಗ ಕಟ್ಟಿದ ಪೆಟ್ಟಿಗೆಗಳನ್ನು ಯಾರೂ ಮುಟ್ಟಲಿಲ್ಲ.

"ಇನ್ನೊಂದ್ಸಲ ತೂಕ ಹಾಕ್ಬಿಡ್ತೀನಿ ಅಂಕಲ್. ನೀವು ಕೂತ್ಕೊಳ್ಳಿ," ಎಂದು ಅವನು ಮೆಷಿನ್ ಹಿಡಿದು ಮೂತಿಯ ಕಡೆ ಹೋದ.

ಇಸಿದೋರ್ ಕೂರಲಿಲ್ಲ. ಗ್ಯಾರೇಜಿಗೆ ಹೋದ. ವಾಪಸ್ ತಂದ ಪೆಟ್ಟಿಗೆಗಳು ಗೋಡೆಗೆ ಒರಗಿ ಸೊಟ್ಟಗೆ ನಿಂತಿದ್ದವು. ಅವನ ಕೈ ತಾನಾಗಿ ಹಗ್ಗದ ಉಂಡೆಯ ಕಡೆ ಹೋಯಿತು. ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು, ಮೊಣಕಾಲು ಒತ್ತಿ ಬಿಗಿದು ಗಂಟು ಹಾಕಿದ. ಜೇಬಿನಿಂದ ಮಾರ್ಕರ್ ತೆಗೆದು ಹಲ್ಲಿನಿಂದ ಮುಚ್ಚಳ ಕಿತ್ತು, ಮೇಲೆ ದೊಡ್ಡ ಅಕ್ಷರದಲ್ಲಿ 'ಮೇಬಲ್' ಎಂದು ಬರೆದ.

"ಅಂಕಲ್!" ಹೊರಗಿನಿಂದ ಗುರುದತ್ ಖುಷಿಯಾಗಿ ಕೂಗಿದ. "ಈಗ ಕರೆಕ್ಟ್ ಆಯ್ತು ನೋಡಿ! ಒಂಚೂರೂ ಹೆಚ್ಚಿಲ್ಲ, ಕಮ್ಮಿ ಇಲ್ಲ. ಇಷ್ಟೇ ಲೋಡಲ್ಲಿ ಆರಾಮಾಗಿ ಹೋಗ್ಬೋದು!"

ಅಡುಗೆಮನೆಯ ಕಿಟಕಿಯಿಂದ ಮೇಬಲ್‌ಳ ದನಿ ಬಂತು. "ಆ ಮೆಷಿನ್ ಒಳಗೆ ತಂದಿಡಿ ಮಾರಾಯ್ರೆ. ಬೆಳಿಗ್ಗೆ ನನಗೆ ಬೇಕು."

"ಈಗ ತರ್ತೇನೆ," ಎಂದ ಇಸಿದೋರ್.

ಹೆಸರಿನ ಕೆಳಗೆ ಊರು ಬರೆಯಬೇಕಿತ್ತು. ಅವನು ಮಾರ್ಕರನ್ನು ರಟ್ಟಿಗೆ ಊರಿದ. ಕಪ್ಪು ಚುಕ್ಕೆ ಅಲ್ಲೇ ನಿಂತು ನಿಧಾನವಾಗಿ ದೊಡ್ಡದಾಗುತ್ತಿತ್ತು.